ಬಲೆ ಕಟ್ಟಿದರೆ ಸಾಲದು, ಬಿದ್ದ ಹುಳುವನ್ನು ಎಣಿಸಬೇಕು

ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ನಮ್ಮ ಸಂಘದ ಮಳಿಗೆಗೆ ಬಂದು ಬೆರ್ರಿ ಬೋರರ್ ಬಲೆಗಳನ್ನು ಕೊಂಡೊಯ್ಯುವ ಸದಸ್ಯರು ಹಲವರಿದ್ದಾರೆ. ಮುಂಗಾರು ಹಿಡಿಯುವ ಮುಂಚೆ ಅವರನ್ನು ಕಂಡು "ಬಲೆಗೆ ಹುಳು ಬಿತ್ತೆ?" ಎಂದು ಕೇಳಿದರೆ "ಓ, ಬೇಕಾದಷ್ಟು ಬಿತ್ತು" ಎನ್ನುತ್ತಾರೆ. "ಬೇಕಾದಷ್ಟು ಎಂದರೆ ಎಷ್ಟು? ಯಾವ ಬಲೆಗೆ ಹೆಚ್ಚು? ಯಾವ ವಾರ ಹೆಚ್ಚು?" ಎಂದು ಮುಂದುವರಿದರೆ ಮಾತು ಮಳೆಯ ಕಡೆಗೋ ಮೆಣಸಿನ ಧಾರಣೆಯ ಕಡೆಗೋ ತಿರುಗಿಬಿಡುತ್ತದೆ. ಸದಸ್ಯರನ್ನು ದೂರಲೆಂದು ಇದನ್ನು ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ನಮ್ಮ ಉತ್ತರವೂ ಇದೇ ಆಗಿತ್ತು.

ವಿಚಿತ್ರವೆಂದರೆ, ಲೆಕ್ಕ ಬರೆದಿಡುವುದು ನಮಗೆ ಹೊಸದೇನಲ್ಲ. ತಂದೆ, ಅಜ್ಜಂದಿರ ಕಾಲದ ಮಳೆ ಪುಸ್ತಕ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಹೂಮಳೆ ಎಷ್ಟು ಸೆಂಟ್ ಬಂತು, ಯಾವ ತಾರೀಖಿಗೆ ಬಂತು ಎಂದು ಕೇಳಿದರೆ ಪುಟ ತಿರುಗಿಸಿ ಹೇಳುತ್ತೇವೆ. ಆದರೆ ಹುಳುವಿನ ಲೆಕ್ಕ ಮಾತ್ರ ಬಾಯಿಮಾತಿನಲ್ಲೇ ಉಳಿದಿದೆ. ಬಲೆಯನ್ನು ಹುಳು ಕೊಲ್ಲುವ ಯಂತ್ರವೆಂದು ತಿಳಿದಿರುವುದೇ ಇದಕ್ಕೆ ಕಾರಣ. ಬಲೆ ಮೊದಲಿಗೆ ನಮ್ಮ ಕಣ್ಣು, ಕೊಲ್ಲುವುದು ಅದರ ಎರಡನೆಯ ಕೆಲಸ. ಈ ಮಾತನ್ನು ಸ್ವಲ್ಪ ವಿವರವಾಗಿ ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಹಳೆಯ ಮದ್ದುಗಳು ಹೋದವು

ಒಂದು ಕಾಲದಲ್ಲಿ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕಕ್ಕೆ ಲಿಂಡೇನ್, ಕಾಯಿಕೊರಕಕ್ಕೆ ಎಂಡೋಸಲ್ಫಾನ್. ಹುಳು ಇದೆಯೋ ಇಲ್ಲವೋ, ಪಂಚಾಂಗ ನೋಡಿ ಹೊಡೆದದ್ದೂ ಉಂಟು. ಎಂಡೋಸಲ್ಫಾನ್ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ನಿಂತಿತು. ಲಿಂಡೇನ್ ಬಳಕೆ 2013ರಿಂದ ನಿಷಿದ್ಧವಾಯಿತು. ಕರಾವಳಿಯ ಗೇರು ತೋಟಗಳ ಸುತ್ತಲಿನ ಜನ ಎಂಡೋಸಲ್ಫಾನಿನಿಂದ ಪಟ್ಟ ಪಾಡನ್ನು ಬಲ್ಲವರು ಅದು ಹೋಯಿತೆಂದು ಮರುಗಲಾರರು. ಜೊತೆಗೆ, ನಮ್ಮ ಕಾಫಿಯನ್ನು ಕೊಳ್ಳುವ ಹೊರದೇಶಗಳು ಬೀಜದಲ್ಲಿ ಉಳಿದ ಕೀಟನಾಶಕದ ಅಂಶವನ್ನು ಪರೀಕ್ಷಿಸುತ್ತವೆ. ಆಳಿನ ಕೂಲಿಯಂತೂ ಎಲ್ಲರಿಗೂ ತಿಳಿದದ್ದೇ. ಹೀಗಿರುವಾಗ ತೋಟದ ತುಂಬ ಹೊಡೆಯುವ ಬದಲು, ಯಾವಾಗ ಮತ್ತು ಎಲ್ಲಿ ಕೈ ಹಾಕಬೇಕು ಎಂಬುದನ್ನು ಮೊದಲು ತಿಳಿಯಬೇಕಾಗಿದೆ. ಹತ್ತು ಹೆಕ್ಟೇರಿನೊಳಗಿನ ಸಣ್ಣ ಬೆಳೆಗಾರನಿಗೆ ಇದು ಉಳಿತಾಯದ ಪ್ರಶ್ನೆ ಮಾತ್ರವಲ್ಲ, ತೋಟ ಉಳಿಸಿಕೊಳ್ಳುವ ಪ್ರಶ್ನೆ.

ಹುಳುಗಳ ವಾಸನೆಯ ಲೋಕ

ನಾವು ಕಣ್ಣಿನಿಂದ ಲೋಕವನ್ನು ತಿಳಿಯುವಂತೆ ಹುಳುಗಳು ಬಹುಮಟ್ಟಿಗೆ ವಾಸನೆಯಿಂದ ತಿಳಿಯುತ್ತವೆ. ರೇಷ್ಮೆ ಮೊಟ್ಟೆ ತಯಾರಿಸುವವರು ಇದನ್ನು ದಿನವೂ ಕಾಣುತ್ತಾರೆ. ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆ ಕೂತಲ್ಲೇ ಕೂತಿರುತ್ತದೆ, ಗಂಡು ರೆಕ್ಕೆ ಬಡಿಯುತ್ತ ಅದನ್ನು ಹುಡುಕಿಕೊಂಡು ಬರುತ್ತದೆ. ಈ ಕರೆಯ ಹಿಂದಿರುವ ವಸ್ತುವನ್ನು ಮೊದಲು ಬೇರ್ಪಡಿಸಿ ಗುರುತಿಸಿದವರು ಜರ್ಮನಿಯ ರಸಾಯನಶಾಸ್ತ್ರಜ್ಞ ಬುಟೆನಾಂಟ್ ಮತ್ತು ಅವರ ಸಂಗಡಿಗರು. ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳನ್ನು ಬಳಸಿ, ಸುಮಾರು ಇಪ್ಪತ್ತು ವರ್ಷ ದುಡಿದು, 1959ರಲ್ಲಿ ಅವರು ಅದನ್ನು ಪ್ರಕಟಿಸಿದರು. ಒಂದು ಜಾತಿಯ ಜೀವಿ ತನ್ನ ಜಾತಿಯವರಿಗಾಗಿ ಬಿಡುವ ಇಂಥ ವಸ್ತುಗಳಿಗೆ ಫೆರೊಮೋನ್ ಎಂಬ ಹೆಸರು ಬಂದದ್ದೂ ಅದೇ ವರ್ಷ.

ಅದಕ್ಕೂ ಬಹಳ ಮುಂಚೆ ನಮ್ಮ ದೇಶದಲ್ಲೇ ಒಂದು ಸ್ವಾರಸ್ಯ ನಡೆದಿತ್ತು. ಬಿಹಾರದ ಪೂಸಾದಲ್ಲಿ ಕೆಲಸ ಮಾಡುತ್ತಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರು, ಸೊಳ್ಳೆ ಓಡಿಸಲು ಕರವಸ್ತ್ರಕ್ಕೆ ಹಚ್ಚಿದ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತುವ ಸಂಗತಿಯನ್ನು ಹಿಡಿದು ಶೋಧಿಸಿದರು. ಬಂದ ನೊಣಗಳೆಲ್ಲ ಗಂಡು. 1912ರಲ್ಲಿ ಇದನ್ನು ಬರೆದ ಅವರು 1915ರ ಹೊತ್ತಿಗೆ ಆ ಸೆಳೆತ ಮಿಥೈಲ್ ಯೂಜಿನಾಲ್ ಎಂಬ ವಸ್ತುವಿನದೆಂದು ತೋರಿಸಿದರು. ಇಂದು ಮಾವಿನ ತೋಟದಲ್ಲಿ ತೂಗುವ ಹಣ್ಣುನೊಣದ ಬಲೆಯಲ್ಲಿರುವುದು ಅದೇ ವಸ್ತು. ನಮ್ಮ ಅಂಗಳದ ತುಳಸಿಯಲ್ಲೂ ಅದು ಉಂಟು.

ಮೂರು ಹುಳು, ಮೂರು ಬಗೆ

ಎಲ್ಲ ಬಲೆಗಳೂ ಒಂದೇ ಎಂದು ತಿಳಿಯುವುದರಿಂದ ತಪ್ಪು ಆರಂಭವಾಗುತ್ತದೆ. ನಮ್ಮ ತೋಟಗಳಿಗೆ ಸಂಬಂಧಿಸಿದ ಮೂರು ಹುಳುಗಳನ್ನು ನೋಡೋಣ.

ಮೊದಲನೆಯದು ಹಣ್ಣುನೊಣ. ಮಾವು, ಸೀಬೆ ಹಣ್ಣಿಗೆ ಚುಚ್ಚಿ ಸಿಪ್ಪೆಯ ಕೆಳಗೆ ಮೊಟ್ಟೆ ಇಡುವುದು ಹೆಣ್ಣು. ಮಿಥೈಲ್ ಯೂಜಿನಾಲ್ ಬಲೆಗೆ ಬರುವುದು ಗಂಡು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲುದಾದ್ದರಿಂದ, ಬಲೆ ತುಂಬಿದ ಮಾತ್ರಕ್ಕೆ ಹಣ್ಣು ಉಳಿಯಿತೆಂದು ಅರ್ಥವಲ್ಲ. ಆ ಪ್ರದೇಶದ ಗಂಡು ನೊಣಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೋದರೆ ಮಾತ್ರ ಫಲ. ಬಿದ್ದ ಹಣ್ಣನ್ನು ಆಯ್ದು ಆಳವಾಗಿ ಹೂಳದಿದ್ದರೆ ಅದರೊಳಗಿನ ಹುಳು ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ. ಇನ್ನೊಂದು ಮಾತು: ಹಾಗಲ, ಸೌತೆಯನ್ನು ಕಾಡುವ ನೊಣ ಬೇರೆ ಜಾತಿಯದು, ಅದಕ್ಕೆ ಕ್ಯೂ-ಲೂರ್ ಎಂಬ ಬೇರೆ ಆಕರ್ಷಕ ಬೇಕು. ಮಾವಿನ ಬಲೆಯನ್ನು ಸೌತೆ ಚಪ್ಪರಕ್ಕೆ ಕಟ್ಟಿ "ಕಂಪನಿಯವರು ಮೋಸ ಮಾಡಿದರು" ಎನ್ನುವುದು ಸರಿಯಲ್ಲ.

ಎರಡನೆಯದು ಕಾಫಿಯ ಕಾಯಿಕೊರಕ. ಆಫ್ರಿಕಾ ಮೂಲದ ಈ ಹುಳು ನಮ್ಮ ದೇಶದಲ್ಲಿ ಮೊದಲು ಕಾಣಿಸಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಅಲ್ಲಿಂದ ವಯನಾಡು, ಕೊಡಗುಗಳಿಗೆ ಹಬ್ಬಿ ನಮ್ಮ ಕಡೆಗೂ ಬಂತು. ಸಾಸಿವೆ ಕಾಳಿನಷ್ಟೂ ಇಲ್ಲದ ಕಪ್ಪು ದುಂಬಿ. ಹೆಣ್ಣು ದುಂಬಿ ಕಾಯಿಯ ಹೊಕ್ಕುಳಲ್ಲಿ ಸೂಜಿತೂತು ಕೊರೆದು ಒಳಹೊಕ್ಕು ಬೀಜದಲ್ಲೇ ಸಂಸಾರ ಹೂಡುತ್ತದೆ. ಹುಟ್ಟಿದ ಮರಿಗಳಲ್ಲಿ ಸುಮಾರು ಹತ್ತು ಹೆಣ್ಣಿಗೆ ಒಂದು ಗಂಡು. ಗಂಡಿಗೆ ಹಾರಲು ಬರುವುದಿಲ್ಲ, ಅದು ಹುಟ್ಟಿದ ಕಾಯಿಯಲ್ಲೇ ಸಾಯುತ್ತದೆ. ಕೂಡುವಿಕೆಯೆಲ್ಲ ಕಾಯಿಯ ಒಳಗೇ ಮುಗಿದು, ಬಸುರಿ ಹೆಣ್ಣು ಮಾತ್ರ ಹೊರಗೆ ಹಾರುತ್ತದೆ. ಅದಕ್ಕೆ ಬೇಕಾದದ್ದು ಗಂಡಲ್ಲ, ಇನ್ನೊಂದು ಕಾಯಿ. ಆದ್ದರಿಂದಲೇ ಈ ಹುಳುವಿಗೆ ಕಟ್ಟುವ ಕೆಂಪು ಬಲೆಯಲ್ಲಿ ಫೆರೊಮೋನ್ ಇಲ್ಲ. ಹಣ್ಣಿನ ವಾಸನೆಯನ್ನು ಹೋಲುವ ಎಥನಾಲ್ ಮತ್ತು ಮಿಥನಾಲ್ ಮಿಶ್ರಣವಿದೆ, ಕೆಳಗೆ ಸೋಪು ನೀರಿದೆ. ಬಲೆಗೆ ಬಿದ್ದ ಒಂದೊಂದೂ ಮೊಟ್ಟೆ ಇಡಲು ಹೊರಟ ಹೆಣ್ಣು ಎಂಬುದು ಇಲ್ಲಿಯ ಲಾಭ.

ಎಚ್ಚರಿಕೆಯ ಮಾತೊಂದನ್ನು ಇಲ್ಲೇ ಹೇಳಬೇಕು. ಈ ಮಿಶ್ರಣದಲ್ಲಿರುವ ಮಿಥನಾಲ್ ಕುಡಿದವರ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಸ್ಪಿರಿಟ್ ವಾಸನೆ ಬರುವುದರಿಂದ ಯಾರಾದರೂ ಮೋಸ ಹೋಗಬಹುದು. ಬಾಟಲಿಯನ್ನು ಬೀಗ ಹಾಕಿಡಿ, ಆಳುಗಳಿಗೆ ಬಾಯಿಬಿಟ್ಟು ಹೇಳಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಮೂರನೆಯದು ಅರೇಬಿಕಾದ ಬಿಳಿ ಕಾಂಡಕೊರಕ. ಇದು ಹಣ್ಣಿನ ಹುಳುವಲ್ಲ, ಹಣ್ಣು ಕೊಡುವ ಗಿಡವನ್ನೇ ಕೊಲ್ಲುವ ಹುಳು. ರೇಷ್ಮೆ ಚಿಟ್ಟೆಗೆ ತದ್ವಿರುದ್ಧವಾಗಿ ಇಲ್ಲಿ ವಾಸನೆ ಬಿಟ್ಟು ಕರೆಯುವುದು ಗಂಡು ದುಂಬಿ. ಈ ಫೆರೊಮೋನನ್ನು ಗುರುತಿಸಿ, ಕೃತಕವಾಗಿ ತಯಾರಿಸಿ ಬಲೆಗೆ ಹಾಕಲಾಗುತ್ತಿದೆ. ದುಂಬಿ ಹಾರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಬಿಸಿಲು ಇದಕ್ಕೆ ಪ್ರಿಯ. ನೆರಳು ತೆಳುವಾದ ಕಡೆ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಮೊದಲು ತೊಗಟೆಯಡಿ ತಿಂದು, ಆಮೇಲೆ ಕಾಂಡದೊಳಕ್ಕೆ ಇಳಿಯುತ್ತದೆ. ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬಿದ ಗೆರೆ ನಮ್ಮ ಕಣ್ಣಿಗೆ ಬೀಳುವಾಗ ಒಳಗೆ ಸುರಂಗ ತೋಡಿ ಆಗಿರುತ್ತದೆ. ಆದುದರಿಂದಲೇ ಹಾರಾಟಕ್ಕೆ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ರೋಗಿಷ್ಠ ಗಿಡಗಳನ್ನು ಹುಡುಕಿ, ಕಿತ್ತು, ಸುಡಬೇಕೆಂದು ಕಾಫಿ ಮಂಡಳಿ ಹೇಳುತ್ತ ಬಂದಿದೆ.

ನಮ್ಮ ಮನೆಯ ಸೌದೆ ರಾಶಿ

ಈ "ಸುಡಬೇಕು" ಎಂಬ ಮಾತನ್ನು ನಾವು ಎಷ್ಟು ಸಭೆಗಳಲ್ಲಿ ಹೇಳಿದ್ದೇವೋ ಲೆಕ್ಕವಿಲ್ಲ. ಈಗ ನಮ್ಮಲ್ಲೇ ನಡೆದದ್ದನ್ನು ಹೇಳುತ್ತೇವೆ.

ಒಂದು ವರ್ಷ ಅಕ್ಟೋಬರಿನಲ್ಲಿ ನಮ್ಮ ಅರೇಬಿಕಾ ಭಾಗದಲ್ಲಿ ಎಂಟು ಫೆರೊಮೋನ್ ಬಲೆಗಳನ್ನು ಕಟ್ಟಿಸಿದೆವು. ಹಿಂದಿನ ತಿಂಗಳಷ್ಟೇ ಗಿಡಗಳನ್ನು ಹುಡುಕಿ ಕೀಳಿಸಿದ್ದೆವು, ಕಾಂಡಗಳನ್ನು ಉಜ್ಜಿಸಿದ್ದೆವು. ಸಾಕಷ್ಟು ಮಾಡಿದ್ದೇವೆಂಬ ನೆಮ್ಮದಿ ಇತ್ತು. ಬಲೆಗಳಿಗೆ ಒಂದರಿಂದ ಎಂಟರವರೆಗೆ ನಂಬರು ಬರೆಸಿದ್ದು ಹೆಚ್ಚಿನ ಯೋಚನೆಯಿಂದೇನಲ್ಲ. ಲೆಕ್ಕ ಬರೆಯಲು ಬಂದ ಹುಡುಗ ಶಾಲೆಯ ನೋಟ್‌ಬುಕ್ಕಿನಲ್ಲಿ ಅಂದವಾಗಿ ಗೆರೆ ಎಳೆದುಕೊಂಡು ಬಂದಿದ್ದ, ಅದಕ್ಕಾಗಿ.

ಮೂರು ವಾರ ಕಳೆದ ಮೇಲೆ ಪುಸ್ತಕ ತೆರೆದು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಏಳು ಬಲೆಗಳಲ್ಲಿ ಒಂದೋ ಎರಡೋ, ಇಲ್ಲವೇ ಸೊನ್ನೆ. ಎಂಟನೆಯದರಲ್ಲಿ ಮಾತ್ರ ಪ್ರತಿ ವಾರವೂ ದುಂಬಿ, ಉಳಿದ ಏಳೂ ಸೇರಿದರೂ ಅದರ ಸಮ ಬರುತ್ತಿರಲಿಲ್ಲ. ಎಂಟನೆಯ ಬಲೆ ಇದ್ದದ್ದು ಮನೆಯ ಹಿಂದೆ, ತೋಟದಲ್ಲೇ ಒಳ್ಳೆಯ ನೆರಳಿರುವ ಜಾಗದಲ್ಲಿ. ಅಲ್ಲಿ ಹುಳು ಇರಬಾರದು. ಹುಡುಗ ತಪ್ಪು ಎಣಿಸಿದನೆಂದುಕೊಂಡೆವು. ನಾವೇ ಹೋಗಿ ಎಣಿಸಿದೆವು, ಲೆಕ್ಕ ಸರಿಯಾಗಿತ್ತು.

ರಾತ್ರಿ ಊಟದ ಹೊತ್ತಿಗೆ ಈ ವಿಷಯ ಹೇಳುತ್ತಿದ್ದಾಗ ಮನೆಯಾಕೆ ಬಡಿಸುತ್ತಲೇ ಕೇಳಿದರು: "ಅಲ್ಲ, ಹೋದ ತಿಂಗಳು ಕಿತ್ತ ಗಿಡವನ್ನೆಲ್ಲ ಎಲ್ಲಿ ಹಾಕಿಸಿದಿರಿ?"

ಉತ್ತರ ಹೇಳಬೇಕಾದ ಅಗತ್ಯವಿರಲಿಲ್ಲ. ಮಳೆ ಇನ್ನೂ ಬಿಟ್ಟಿರದ ಕಾರಣ ಸುಡಲಾಗದೆ, ಒಣಗಲೆಂದು, ಬಚ್ಚಲ ಒಲೆಗೂ ಆದೀತೆಂದು, ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಪೇರಿಸಿಟ್ಟಿದ್ದೆವು. ಮರುದಿನ ಬೆಳಗ್ಗೆ ನಾಲ್ಕು ಕಾಂಡ ಸೀಳಿ ನೋಡಿದರೆ ಒಂದರಲ್ಲಿ ಕೋಶ, ಇನ್ನೊಂದರಲ್ಲಿ ಹೊರಡಲು ಸಿದ್ಧವಾದ ದುಂಬಿ, ಉಳಿದೆರಡರಲ್ಲಿ ದುಂಬಿ ಹೊರಟುಹೋದ ತೂತು. ತೋಟದಿಂದ ಆಯ್ದು ತಂದ ಹುಳುವನ್ನು ನಾವೇ ಮನೆ ಬಾಗಿಲಲ್ಲಿ ಸಾಕುತ್ತಿದ್ದೆವು. ಅಂದೇ ಎಲ್ಲವನ್ನೂ ಸುಟ್ಟೆವು. ಆದರೆ ಹಾರಿದವು ಹಾರಿದವೇ. ಮುಂದಿನ ವರ್ಷ ಮನೆಯ ಹಿಂದಿನ ಆ ಭಾಗದಲ್ಲಿ ಹನ್ನೆರಡು ವರ್ಷ ಸಾಕಿದ ಗಿಡಗಳನ್ನು ಸಾಲಾಗಿ ಕೀಳಬೇಕಾಯಿತು. ಕೀಳುವ ಮೇಸ್ತ್ರಿ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತೆನಿಸಿತು.

ಎಣಿಸದೆ ಹೋಗಿದ್ದರೆ ಏನಾಗುತ್ತಿತ್ತು? "ಬಲೆಗೆ ಚೆನ್ನಾಗಿ ಬಿತ್ತು" ಎಂದು ಸಂಘದಲ್ಲಿ ಹೇಳುತ್ತಿದ್ದೆವು. ಸೌದೆ ರಾಶಿ ಅಲ್ಲೇ ಇರುತ್ತಿತ್ತು. ಎಂಟು ಬಲೆಗಳು ಹಿಡಿದ ದುಂಬಿಗಳಿಂದ ತೋಟ ಉಳಿಯುತ್ತಿರಲಿಲ್ಲ. ಆ ಒಂದು ಸಂಖ್ಯೆಯಿಂದ ಉಳಿದ ಭಾಗವಾದರೂ ಉಳಿಯಿತು.

ಎಣಿಸುವ ಕ್ರಮ

ಇದಕ್ಕೆ ವಿದ್ವತ್ತು ಬೇಕಾಗಿಲ್ಲ. ಬಲೆಗಳಿಗೆ ಬಣ್ಣದಲ್ಲಿ ನಂಬರು ಹಾಕಿ. ಯಾವ ನಂಬರು ಎಲ್ಲಿದೆ ಎಂದು ತೋಟದ ಒಂದು ಒರಟು ನಕ್ಷೆ ಬರೆದಿಡಿ. ವಾರಕ್ಕೊಮ್ಮೆ, ಅದೇ ವಾರದ ದಿನ, ಎಣಿಸಿ. ಸಂತೆಯ ದಿನ ಬೇಡ, ಅಂದು ಮರೆತುಹೋಗುತ್ತದೆ. ಪುಸ್ತಕದಲ್ಲಿ ನಾಲ್ಕು ಅಂಕಣ ಸಾಕು: ತಾರೀಖು, ಬಲೆಯ ನಂಬರು, ಬಿದ್ದ ಹುಳು, ಆ ವಾರದ ಮಳೆ. ಸೊನ್ನೆ ಬಂದರೆ ಸೊನ್ನೆ ಎಂದೇ ಬರೆಯಿರಿ. ಖಾಲಿ ಬಿಟ್ಟರೆ ಹುಳು ಇರಲಿಲ್ಲವೋ, ನೋಡಲೇ ಇಲ್ಲವೋ ಎಂದು ಆಮೇಲೆ ತಿಳಿಯುವುದಿಲ್ಲ.

ಕಾಯಿಕೊರಕ ನೂರುಗಟ್ಟಲೆ ಬೀಳುವುದರಿಂದ "ಇದನ್ನೆಲ್ಲ ಯಾರು ಎಣಿಸುತ್ತಾರೆ" ಎಂಬ ಆಕ್ಷೇಪವಿದೆ. ಬಲೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಬಿಳಿ ಕಾಗದದ ಮೇಲೆ ಹರಡಿ. ನೂರರೊಳಗಿದ್ದರೆ ಎಣಿಸಿ. ಹೆಚ್ಚಿದ್ದರೆ, ಒಂದು ಪುಟ್ಟ ಚಮಚದಲ್ಲಿ ಎಷ್ಟು ಹಿಡಿಯುತ್ತದೆಂದು ಒಮ್ಮೆ ಮಾತ್ರ ಎಣಿಸಿಟ್ಟುಕೊಂಡು, ಮುಂದೆ ಚಮಚದ ಲೆಕ್ಕ ಹಾಕಿ. ಹತ್ತಿಪ್ಪತ್ತು ಹೆಚ್ಚುಕಡಿಮೆಯಾದರೆ ಬಾಧಕವಿಲ್ಲ. ಈ ವಾರ ಕಳೆದ ವಾರಕ್ಕಿಂತ ಏರಿತೇ, ಇಳಿಯಿತೇ, ಯಾವ ಮೂಲೆಯಲ್ಲಿ ಏರಿತು ಎಂಬುದು ತಿಳಿದರೆ ಸಾಕು.

ಬಲೆಯ ಜೊತೆಗೆ ಗಿಡವನ್ನೂ ನೋಡಬೇಕು. ಕಾಯಿ ಬಲಿಯಲು ತೊಡಗಿದ ಮೇಲೆ, ಒಂದು ಭಾಗದಲ್ಲಿ ಅಲ್ಲೊಂದು ಇಲ್ಲೊಂದು 20 ಗಿಡ ಆರಿಸಿ, ಗಿಡಕ್ಕೆ 50 ಕಾಯಿ ನೋಡಿದರೆ 1000 ಕಾಯಿ ನೋಡಿದಂತಾಯಿತು. ಅದರಲ್ಲಿ 20 ಕಾಯಿಗೆ ತೂತಿದ್ದರೆ ಶೇಕಡ 2. ದಾರಿಯ ಪಕ್ಕದ ಗಿಡಗಳನ್ನೇ ಆರಿಸಬೇಡಿ. ತೂತು ಬಿದ್ದ ಕೆಲವು ಕಾಯಿಗಳನ್ನು ಉಗುರಿನಿಂದ ಸೀಳಿ ನೋಡಿ. ದುಂಬಿ ಇನ್ನೂ ತೂತಿನ ಬಾಯಲ್ಲೇ ಇದ್ದರೆ ಬ್ಯೂವೇರಿಯಾ ಶಿಲೀಂಧ್ರದ ಸಿಂಪಡಣೆ ತಲುಪೀತು. ಬೀಜದೊಳಗೆ ಸೇರಿದ್ದರೆ ಯಾವ ಸಿಂಪಡಣೆಯೂ ಖರ್ಚೇ ಹೊರತು ಫಲವಲ್ಲ. ಬೋರ್ಡೋ ಹೊಡೆದ ಬೆನ್ನಿಗೇ ಬ್ಯೂವೇರಿಯಾ ಹೊಡೆಯಬಾರದೆಂಬುದೂ ನೆನಪಿರಲಿ. ಶಿಲೀಂಧ್ರನಾಶಕಕ್ಕೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರವೆಂಬ ಭೇದವಿಲ್ಲ.

ಸಂಖ್ಯೆಯನ್ನು ಓದುವುದು

ಸಂಖ್ಯೆ ಸುಳ್ಳು ಹೇಳುವುದಿಲ್ಲ, ಆದರೆ ನಾವು ತಪ್ಪಾಗಿ ಓದಬಹುದು. ಕಾಯಿಕೊರಕದ ಬಲೆಗೆ ಹುಳು ಹೆಚ್ಚು ಬೀಳುವುದು ಕೊಯ್ಲಿನ ನಂತರ, ಬೇಸಗೆ ಮಳೆ ಬಿದ್ದು ಹಳೆಯ ಕಾಯಿಗಳಲ್ಲಿ ಅಡಗಿದ್ದ ಹೆಣ್ಣುಗಳು ಹೊರಬರುವಾಗ. ಆಗ ಗಿಡದಲ್ಲಿ ಒಳಹೊಗಲು ಕಾಯಿ ಇಲ್ಲ, ಬಲೆಯ ವಾಸನೆಗೆ ಎದುರಾಳಿ ಇಲ್ಲ. ಹೊಸ ಕಾಯಿ ಬಲಿತ ಮೇಲೆ ಬಲೆಗೆ ಬೀಳುವುದು ಕಡಿಮೆಯಾಗುತ್ತದೆ. ಹುಳು ಹೋಯಿತೆಂದು ಸಂತೋಷಪಡುವವರು ಆಗ ಗಿಡದಲ್ಲಿ ನೋಡಬೇಕು. ಬಲೆಯನ್ನು ಬಿಟ್ಟು ಕಾಯಿಗೆ ಹೋಗಿರಬಹುದು.

ಒಂದು ಬಲೆಗೆ ಮಾತ್ರ ವಿಪರೀತ ಬಿದ್ದರೆ ಅದರ ಸುತ್ತ ಮೂಲವನ್ನು ಹುಡುಕಿ. ಕಾಂಡಕೊರಕವಾದರೆ ಸೌದೆ, ಬೇಲಿಗೂಟ, ಬಿಸಿಲು ಬಿದ್ದ ಜಾಗ. ಕಾಯಿಕೊರಕವಾದರೆ ಗಿಡದಲ್ಲಿ ಬಿಟ್ಟ ಕಾಯಿ, ನೆಲದ ಹಕ್ಕಲು, ಸರಿಯಾಗಿ ಒಣಗದ ಚೆರಿ, ಬೇರೆ ತೋಟದಿಂದ ಬಂದ ಹಳೆಯ ಗೋಣಿಚೀಲ. ಬಲೆ ಎಷ್ಟೇ ಹಿಡಿದರೂ, ಹಕ್ಕಲು ಆಯುವ ಕೆಲಸಕ್ಕೆ ಅದು ಬದಲಿಯಲ್ಲ. ಕೊಯ್ಲಿನಲ್ಲಿ ಗಿಡದ ಕೆಳಗೆ ಪಾಟು ಹಾಸಿದರೆ ಹಕ್ಕಲೇ ಕಡಿಮೆ. ಅರೇಬಿಕಾ ಪಾರ್ಚ್‌ಮೆಂಟನ್ನು ಶೇಕಡ 10, ರೋಬಸ್ಟಾ ಚೆರಿಯನ್ನು ಶೇಕಡ 11ರ ತೇವಕ್ಕೆ ಒಣಗಿಸಿದರೆ ಗೋದಾಮಿನಲ್ಲಿ ಹುಳು ಬೆಳೆಯದು.

ಅಡಿಕೆ ತೋಟದಲ್ಲಿ ತೆಂಗೂ ಇರುವ ಸದಸ್ಯರಿಗೆ ಒಂದು ಮಾತು. ಕೆಂಪು ಮೂತಿಹುಳುವಿನ ಫೆರೊಮೋನ್ ಹೆಣ್ಣು, ಗಂಡು ಎರಡನ್ನೂ ಕರೆಯುತ್ತದೆ. ಬಂದವೆಲ್ಲ ಬಕೆಟ್ಟಿಗೇ ಬೀಳುವುದಿಲ್ಲ, ಕೆಲವು ಪಕ್ಕದ ಮರಕ್ಕೂ ಹೋಗುತ್ತವೆ. ಆ ಬಲೆಯನ್ನು ಎಳೆಯ ತೆಂಗಿನ ಮಧ್ಯೆ ಕಟ್ಟದೆ ತೋಟದ ಅಂಚಿನಲ್ಲಿ ಕಟ್ಟಿ.

ಬೇಲಿಯ ಆಚೆ

ಶಾಂತ ಸಾಗರದ ರೋಟಾ ಎಂಬ ಸಣ್ಣ ದ್ವೀಪದಲ್ಲಿ 1960ರ ದಶಕದ ಆರಂಭದಲ್ಲಿ ಮಿಥೈಲ್ ಯೂಜಿನಾಲ್ ಮತ್ತು ಕೀಟನಾಶಕ ಅದ್ದಿದ ರಟ್ಟಿನಂಥ ಬಿಲ್ಲೆಗಳನ್ನು ವಿಮಾನದಿಂದ ಉದುರಿಸಿ ಹಣ್ಣುನೊಣವನ್ನು ನಿರ್ಮೂಲ ಮಾಡಿದರು. ಅಲ್ಲಿ ಅದು ಸಾಧ್ಯವಾದದ್ದಕ್ಕೆ ಮುಖ್ಯ ಕಾರಣ ಎರಡು: ಇಡೀ ದ್ವೀಪದಲ್ಲಿ ಒಟ್ಟಿಗೆ ಮಾಡಿದರು, ಮತ್ತು ಸುತ್ತಲೂ ಸಮುದ್ರವಿತ್ತು. ನಮ್ಮ ನಿಮ್ಮ ತೋಟಗಳ ನಡುವೆ ಸಮುದ್ರವಿಲ್ಲ, ಒಂದು ಬೇಲಿ ಇದೆ. ಹುಳುವಿಗೆ ಸರ್ವೆ ನಂಬರು ಗೊತ್ತಿಲ್ಲ. ಐದು ಎಕರೆಯವನು ಹಕ್ಕಲು ಆಯ್ದು, ಪಕ್ಕದ ಐದು ಎಕರೆಯವನು ಬಿಟ್ಟರೆ ಇಬ್ಬರೂ ಬಿಟ್ಟಂತೆಯೇ.

ಕೊಳೆರೋಗದ ವಿಷಯದಲ್ಲಿ ನಾವು ಇದನ್ನು ಕಲಿತಿದ್ದೇವೆ. ಅಡಿಕೆಯ ಕೊಳೆಗೆ ಬೋರ್ಡೋ ದ್ರಾವಣದ ದಾರಿ ತೋರಿಸಿದ ಡಾ. ಕೋಲ್ಮನ್ ಅವರ ಮುತುವರ್ಜಿಯಿಂದಲೇ 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಆರಂಭವಾಯಿತು. ಮಳೆ ಹಿಡಿಯುವ ಮುಂಚೆ ಮದ್ದು ಹೊಡೆಯುವುದು ಇಂದು ಅಡಿಕೆ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಳು ಎಣಿಸುವುದೂ ಹಾಗೆಯೇ ರೂಢಿಯಾಗಬೇಕು.

ಆದುದರಿಂದ ಸಂಘದ ವತಿಯಿಂದ ಒಂದು ಸಣ್ಣ ವ್ಯವಸ್ಥೆ ಮಾಡಿದ್ದೇವೆ. ಮಳಿಗೆಯ ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರ್ ಇರುತ್ತದೆ. ಗೊಬ್ಬರಕ್ಕೋ ಸುಣ್ಣಕ್ಕೋ ಬಂದಾಗ ತಮ್ಮ ತೋಟದ ಆ ವಾರದ ಲೆಕ್ಕವನ್ನು ಅದರಲ್ಲಿ ಬರೆಯಿರಿ. ಹೆಚ್ಚು ಬಿದ್ದಿದ್ದರೆ ನಾಚಿಕೆ ಪಡಬೇಕಾಗಿಲ್ಲ. ಮೊದಲ ಪುಟದಲ್ಲಿ ನಮ್ಮ ಎಂಟನೆಯ ಬಲೆಯ ಲೆಕ್ಕವನ್ನು ನಾವೇ ಬರೆದಿಟ್ಟಿದ್ದೇವೆ. ಯಾವ ಹಳ್ಳಿಯ ಕಡೆ ಸಂಖ್ಯೆ ಏರುತ್ತಿದೆಯೆಂದು ಕಂಡರೆ ಅಕ್ಕಪಕ್ಕದ ಸದಸ್ಯರಿಗೆ ಆ ವಾರವೇ ತಿಳಿಸಬಹುದು, ಕಾಫಿ ಮಂಡಳಿಯ ವಿಸ್ತರಣಾಧಿಕಾರಿಗಳನ್ನು ಕೈಯಲ್ಲಿ ಲೆಕ್ಕ ಹಿಡಿದೇ ಕೇಳಬಹುದು.

ಮಳೆ ಪುಸ್ತಕ ಹೇಗೂ ಮನೆಯಲ್ಲಿದೆ. ಇಂದು ರಾತ್ರಿ ಅದನ್ನು ತೆಗೆದು, ಮಳೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಮಳೆಯನ್ನು ನಾವು ಬರೆಯಬಲ್ಲೆವೇ ಹೊರತು ಬದಲಿಸಲಾರೆವು. ಪಕ್ಕದ ಅಂಕಣದಲ್ಲಿ ಬರೆಯುವುದನ್ನು ಬದಲಿಸಬಹುದು.